ಸಂಬಳದ ಚೀಟಿಯಲ್ಲಿನ ಸಂಕೇತ: ಒಂದು ತೆರಿಗೆಯ ಚರಿತ್ರೆ

ಬ್ರಿಟನ್ನಿನಲ್ಲಿ ದುಡಿಯುವ ನಮ್ಮೆಲ್ಲರ ಸಂಬಳದ ಚೀಟಿಯಲ್ಲಿ 1257ಎಲ್ ಎಂಬಂಥ ಒಂದು ಪುಟ್ಟ ಸಂಕೇತವಿರುತ್ತದೆ. ಕೈಗೆ ಬಂದ ಮೊತ್ತವನ್ನಷ್ಟೇ ನೋಡಿ ಚೀಟಿಯನ್ನು ಬದಿಗಿಡುವ ನಾವು ಅದನ್ನು ಗಮನಿಸುವುದು ವಿರಳ. ಆದರೆ ನಮ್ಮ ಸಂಬಳದಿಂದ ಕಡಿತವಾಗುವ ತೆರಿಗೆ ಸರಿಯೋ ತಪ್ಪೋ ಎಂಬುದು ಬಹುಮಟ್ಟಿಗೆ ಈ ಸಂಕೇತವನ್ನೇ ಅವಲಂಬಿಸಿದೆ. ಅದು ಹುಟ್ಟಿದ ಬಗೆಯನ್ನು ಅರಿತರೆ ಅದನ್ನು ಪರೀಕ್ಷಿಸುವ ಬಗೆಯೂ ತಿಳಿಯುತ್ತದೆ.

ಈ ದೇಶದಲ್ಲಿ ಆದಾಯ ತೆರಿಗೆಯು ಯುದ್ಧದ ಕೂಸು. ಫ್ರಾನ್ಸಿನೊಡನೆ ನಡೆದ ಸಮರದ ವೆಚ್ಚಕ್ಕಾಗಿ ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಅದನ್ನು ಜಾರಿಗೆ ತಂದರು. ಜನರು ತಮ್ಮ ಆದಾಯವನ್ನು ತಾವೇ ಘೋಷಿಸಬೇಕಿದ್ದುದರಿಂದ ನಿರೀಕ್ಷಿಸಿದಷ್ಟು ಹಣ ಬೊಕ್ಕಸಕ್ಕೆ ಬರಲಿಲ್ಲ. 1803ರಲ್ಲಿ ಹೆನ್ರಿ ಆಡಿಂಗ್ಟನ್ ತೆರಿಗೆಯ ದರವನ್ನು ಅರ್ಧಕ್ಕಿಳಿಸಿ, ಹಲವು ಬಗೆಯ ಆದಾಯಗಳಿಗೆ ಮೂಲದಲ್ಲಿಯೇ ಕಡಿತಗೊಳಿಸುವ ಕ್ರಮವನ್ನು ತಂದರು. ದರ ಅರ್ಧವಾದರೂ ಉತ್ಪತ್ತಿ ಹೆಚ್ಚೇನೂ ಕುಗ್ಗಲಿಲ್ಲ. ಹಣವು ಕೈ ಸೇರುವ ಮೊದಲೇ ತೆರಿಗೆಯನ್ನು ಹಿಡಿಯಬೇಕೆಂಬ ಪಾಠವನ್ನು ಆಡಳಿತವು ಅಂದು ಕಲಿಯಿತು. 1816ರಲ್ಲಿ ರದ್ದಾದ ಈ ತೆರಿಗೆಯನ್ನು ರಾಬರ್ಟ್ ಪೀಲ್ 1842ರಲ್ಲಿ ಮರಳಿ ತಂದರು. ಅಂದಿನಿಂದ ಅದು ನಿಂತಿಲ್ಲ.

ಆದರೂ ಬಹುಕಾಲ ಅದು ಉಳ್ಳವರ ತೆರಿಗೆಯಾಗಿಯೇ ಇತ್ತು. ಎರಡನೆಯ ಮಹಾಯುದ್ಧವು ಆ ಸ್ಥಿತಿಯನ್ನು ಬದಲಿಸಿತು. 1941ರಲ್ಲಿ ಸಾಮಾನ್ಯ ದರವು ಪೌಂಡಿಗೆ 10 ಷಿಲಿಂಗ್, ಅಂದರೆ ಅರ್ಧಕ್ಕೆ ಅರ್ಧ, ಆಯಿತು. ಕಾರ್ಖಾನೆಯ ಕಾರ್ಮಿಕರೂ ಲಕ್ಷೋಪಲಕ್ಷ ಸಂಖ್ಯೆಯಲ್ಲಿ ತೆರಿಗೆದಾರರಾದರು. ಅವರ ತೆರಿಗೆಯನ್ನು ಕಳೆದುಹೋದ ಅವಧಿಯ ಗಳಿಕೆಯ ಮೇಲೆ ಲೆಕ್ಕ ಹಾಕಿ, ಮುಂದಿನ ತಿಂಗಳುಗಳ ಕೂಲಿಯಿಂದ ಕಡಿತ ಮಾಡಲಾಗುತ್ತಿತ್ತು. ಓವರ್‌ಟೈಮ್ ನಿಂತು ಕೂಲಿ ಕಡಿಮೆಯಾದಾಗಲೂ ಹಳೆಯ ಗಳಿಕೆಯ ಭಾರೀ ತೆರಿಗೆಯು ಅವರನ್ನು ಬೆನ್ನಟ್ಟುತ್ತಿತ್ತು.

ಇದಕ್ಕೆ ಪರಿಹಾರವಾಗಿ ರೂಪುಗೊಂಡುದೇ 'ಪೇ ಆ್ಯಸ್ ಯು ಅರ್ನ್', ಗಳಿಸಿದಂತೆ ತೆರುವ ಪದ್ಧತಿ. ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಪಾಲ್ ಚೇಂಬರ್ಸ್ ಅದಕ್ಕೆ ಮುಂಚೆ 1937ರಿಂದ 1940ರವರೆಗೆ ಭಾರತ ಸರ್ಕಾರದ ಆದಾಯ ತೆರಿಗೆ ಸಲಹೆಗಾರರಾಗಿದ್ದರು. ಭಾರತದ 1922ರ ಆದಾಯ ತೆರಿಗೆ ಕಾಯಿದೆಯಲ್ಲಿ ಸಂಬಳದಿಂದಲೇ ತೆರಿಗೆ ಕಡಿತ ಮಾಡುವ ವಿಧಿಯು ಆಗಲೇ ಇತ್ತೆಂಬುದು ಇಲ್ಲಿ ಸ್ಮರಣೀಯ. ಹೊಸ ಯೋಜನೆಯನ್ನು ಪ್ರಕಟಿಸಬೇಕಿದ್ದ ದಿನವೇ, 1943ರ ಸೆಪ್ಟೆಂಬರ್ 21ರಂದು, ಹಣಕಾಸು ಸಚಿವ ಕಿಂಗ್ಸ್ಲಿ ವುಡ್ ನಿಧನರಾದರು. ಅವರ ಉತ್ತರಾಧಿಕಾರಿ, ಹಿಂದೆ ಬಂಗಾಳದ ಗವರ್ನರ್ ಆಗಿದ್ದ ಜಾನ್ ಆಂಡರ್ಸನ್, ಅದನ್ನು ಮುಂದುವರಿಸಿದರು. 1944ರ ಏಪ್ರಿಲ್ 6ರಂದು ಪದ್ಧತಿ ಜಾರಿಗೆ ಬಂದಿತು.

ಇದರ ಜೀವಾಳವೆಂದರೆ ಸಂಚಿತ ಲೆಕ್ಕ. ಏಪ್ರಿಲ್ 6ರಿಂದ ಇಂದಿನವರೆಗಿನ ಒಟ್ಟು ಗಳಿಕೆ ಎಷ್ಟು, ಅಷ್ಟು ತಿಂಗಳುಗಳಿಗೆ ದೊರೆಯುವ ವಿನಾಯಿತಿ ಎಷ್ಟು ಎಂದು ನೋಡಿ, ಉಳಿದುದಕ್ಕೆ ಮಾತ್ರ ತೆರಿಗೆ ವಿಧಿಸಲಾಗುತ್ತದೆ. 1257ಎಲ್ ಎಂಬುದರ ಅರ್ಥ ವರ್ಷಕ್ಕೆ 12,570 ಪೌಂಡು, ಅಂದರೆ ತಿಂಗಳಿಗೆ 1,047.50 ಪೌಂಡು, ತೆರಿಗೆಮುಕ್ತ ಎಂದು. ಆದರೆ ಸಂಕೇತದ ಕೊನೆಯಲ್ಲಿ 'ಎಂ1' ಎಂದಿದ್ದರೆ ಸಂಚಿತ ಲೆಕ್ಕವು ನಿಂತು, ಪ್ರತಿ ತಿಂಗಳೂ ಹೊಸದಾಗಿ ಆರಂಭವಾಗುತ್ತದೆ.

ಆಸ್ಪತ್ರೆಗಳಲ್ಲಿ ಆಗಸ್ಟ್ ತಿಂಗಳು ಹೊಸ ಕಿರಿಯ ವೈದ್ಯರು ಸೇರುವ ಕಾಲವಾದುದರಿಂದ ವೈದ್ಯರಾದ ನಮಗೆ ಈ ವ್ಯತ್ಯಾಸವು ಚೆನ್ನಾಗಿ ಪರಿಚಿತ. ಆ ತಿಂಗಳು ಇಲ್ಲಿನ ಮೊದಲ ಕೆಲಸಕ್ಕೆ ಸೇರಿ, ತಿಂಗಳಿಗೆ 3,500 ಪೌಂಡು ಸಂಬಳ ಪಡೆಯುವವರನ್ನು ಊಹಿಸೋಣ. ಸಂಚಿತ ಲೆಕ್ಕದಲ್ಲಿ ಆಗಸ್ಟಿನ ಕೊನೆಗೆ ಐದು ತಿಂಗಳ ವಿನಾಯಿತಿ ಕೂಡಿ ಬಂದಿರುವುದರಿಂದ ತೆರಿಗೆ ಸೊನ್ನೆ. ಸೆಪ್ಟೆಂಬರಿನಲ್ಲಿ 143 ಪೌಂಡು. ಎಂ1 ಲೆಕ್ಕದಲ್ಲಾದರೋ ತಿಂಗಳಿಗೆ 490 ಪೌಂಡಿನಂತೆ ಎರಡು ತಿಂಗಳಿಗೆ 981 ಪೌಂಡು ಕಡಿತವಾಗುತ್ತದೆ. ಊರಿನಲ್ಲಿ ಮಾಡಿದ ಸಾಲಕ್ಕೆ ಕಂತು ಕಟ್ಟುತ್ತ, ಇಲ್ಲಿ ಮನೆಬಾಡಿಗೆಯ ಮುಂಗಡವನ್ನೂ ಹೊಂದಿಸಬೇಕಾದವರಿಗೆ ಆ 838 ಪೌಂಡುಗಳ ಅಂತರವು ಸಣ್ಣದಲ್ಲ.

ಆದುದರಿಂದ ಪರೀಕ್ಷಿಸಬೇಕಾದ ಸಂಗತಿಗಳು ಕೆಲವೇ. ಕೆಲಸಕ್ಕೆ ಸೇರುವಾಗ ಹಿಂದಿನ ಮಾಲೀಕರು ಕೊಟ್ಟ ಪಿ45 ಪತ್ರವನ್ನು, ಅದಿಲ್ಲದಿದ್ದರೆ ತುಂಬಿದ ಆರಂಭಿಕ ನಮೂನೆಯನ್ನು ಒಪ್ಪಿಸಬೇಕು. 'ಬಿಆರ್' ಸಂಕೇತದಲ್ಲಿ ಯಾವ ವಿನಾಯಿತಿಯೂ ಇಲ್ಲದೆ ಇಡೀ ಸಂಬಳಕ್ಕೆ 20 ಶೇಕಡ ತೆರಿಗೆ ಬೀಳುತ್ತದೆ. ಎರಡನೆಯ ಕೆಲಸಕ್ಕೆ ಅದು ಸಹಜ, ಇರುವ ಒಂದೇ ಕೆಲಸಕ್ಕೆ ಅಸಹಜ. ಮೇ ತಿಂಗಳ ಕೊನೆಯೊಳಗೆ ಬರುವ ಪಿ60 ಪತ್ರವನ್ನು ವರ್ಷದ ಚೀಟಿಗಳೊಡನೆ ತಾಳೆ ನೋಡಬೇಕು. ಹೆಚ್ಚು ತೆತ್ತಿದ್ದರೆ, ತೆರಿಗೆ ವರ್ಷ ಮುಗಿದ ನಾಲ್ಕು ವರ್ಷಗಳೊಳಗೆ ಮರಳಿ ಕೇಳುವ ಹಕ್ಕು ನಮಗಿದೆ. ಸಂಕೇತವು ತಪ್ಪಾಗಿ ಕಡಿಮೆ ತೆತ್ತಿದ್ದರೆ ಆ ಬಾಕಿಯು ಮುಂದೊಂದು ದಿನ ನಮ್ಮ ತಲೆಯ ಮೇಲೆಯೇ ಬರುತ್ತದೆ. ಎಂದೇ ಕೈಗೆ ಹೆಚ್ಚು ಹಣ ಬಂದ ತಿಂಗಳಿನಲ್ಲಿಯೂ ಚೀಟಿಯನ್ನು ಓದಬೇಕು.

1944ರ ಯೋಜನೆಯು ಲೆಕ್ಕದ ಶ್ರಮವನ್ನು ಕಾರ್ಮಿಕನಿಂದ ಮಾಲೀಕನಿಗೆ ವರ್ಗಾಯಿಸಿತು. ಆದರೆ ಮಾಲೀಕನು ತನಗೆ ಬಂದ ಸಂಕೇತದಂತೆ ಕಡಿತ ಮಾಡುತ್ತಾನೆ. ಸಂಕೇತವು ತೆರಿಗೆ ಇಲಾಖೆಗೆ ತಿಳಿದಷ್ಟನ್ನೇ ಹೇಳುತ್ತದೆ. ನಮ್ಮ ದುಡಿಮೆಯ ಪೂರ್ಣ ವಿವರ ಬಲ್ಲವರು ನಾವು ಮಾತ್ರ. ಹೊಸದಾಗಿ ಬಂದ ಕುಟುಂಬಗಳಿಗೆ ಮನೆ, ಶಾಲೆ, ಅಂಗಡಿಗಳ ದಾರಿಯನ್ನು ತೋರಿಸುವ ನಾವು, ಅವರ ಮೊದಲ ಸಂಬಳದ ಚೀಟಿಯನ್ನೂ ಜೊತೆಯಲ್ಲಿ ಕುಳಿತು ಓದಿದರೆ ಅದು ದೊಡ್ಡ ಉಪಕಾರವಾದೀತು.