ಟೈರ್ ಜಗಳದಲ್ಲಿ ಗೆದ್ದೋರು ಯಾರು?

ಕ್ರಿಕೆಟ್ ನೋಡೋರಿಗೆ ಎಂಆರ್‌ಎಫ್ ಅಂದ್ರೆ ಸಚಿನ್ ಬ್ಯಾಟು. ಕೊಡಗಿನಲ್ಲಿ ಬೆಳೆದ ನನ್ನಂಥವರಿಗೆ ಅದು ಕಾಫಿ ತೋಟದ ರಸ್ತೇಲಿ ಧೂಳೆಬ್ಬಿಸಿಕೊಂಡು ಹೋಗುವ ಜಿಪ್ಸಿಯ ಬಾಗಿಲ ಮೇಲಿನ ಸ್ಟಿಕ್ಕರು. ಹಿಂದೆ ಬರೋ ಜಿಪ್ಸಿ ಮೇಲೆ ಜೆಕೆ ಟೈರ್ ಅಂತಿರುತ್ತಿತ್ತು. ಓಡಿಸೋನ ಹೆಸರು ಗೊತ್ತಿಲ್ಲದಿದ್ದರೂ ಹುಡುಗರಲ್ಲಿ ಎರಡು ಪಾರ್ಟಿ ಆಗಿಬಿಡ್ತಿತ್ತು. ಜಾನಿ ವಾಕರ್ ಅಲ್ಲ, ಪೆಟ್ರೋಲ್ ಕಂಪನಿ ಅಲ್ಲ, ಟೈರ್ ಕಂಪನಿಗಳಿಗೆ ಅಭಿಮಾನಿಗಳಿದ್ದ ಆಟ ಇದು.

ಟೈರ್ ಮಾರೋರ ಈ ಜಗಳ ರೇಸಿಗೆ ಒಳ್ಳೇದಾ, ಕೆಟ್ಟದ್ದಾ? ಹೊರಗಿನ ಜಗತ್ತು ಕೊಟ್ಟ ಉತ್ತರ ಒಂದು. ನಮ್ಮ ದೇಶದ ಉತ್ತರ ಬೇರೆ.

ಮೊದಲು ಟೈರಿನ ವಿಷಯ. ಕಾರಿಗೆ ಎಷ್ಟೇ ದೊಡ್ಡ ಇಂಜಿನ್ ಹಾಕಿ, ಅದು ನೆಲ ಮುಟ್ಟೋದು ನಾಲ್ಕೇ ಕಡೆ. ಮಾಮೂಲಿ ಕಾರಲ್ಲಿ ಒಂದೊಂದು ಕಡೆಯೂ ಹೆಚ್ಚುಕಮ್ಮಿ ಅಂಗೈಯಷ್ಟು ಜಾಗ. ವೇಗ, ಬ್ರೇಕು, ತಿರುವು ಎಲ್ಲವೂ ಆ ಅಂಗೈಯ ಮೂಲಕವೇ ಆಗಬೇಕು. ರಬ್ಬರ್ ಮೆತ್ತಗಿದ್ದರೆ ಹಿಡಿತ ಜಾಸ್ತಿ, ಆದ್ರೆ ಬೇಗ ಸವೆಯತ್ತೆ. ಗಟ್ಟಿ ಇದ್ದರೆ ಬಾಳಿಕೆ ಬರತ್ತೆ, ಆದ್ರೆ ಜಾರತ್ತೆ. ಈ ಎರಡರ ನಡುವೆ ಪಕ್ಕದೋನಿಗಿಂತ ಚೂರು ಮುಂದೆ ಹೋಗೋ ಹಟಕ್ಕೇ ಟೈರ್ ಯುದ್ಧ ಅನ್ನೋದು.

ಈ ಹಟ ತುದಿ ಮುಟ್ಟಿದ್ದು ಫಾರ್ಮುಲಾ ಒನ್‌ನಲ್ಲಿ. 2001ರಿಂದ 2006ರ ತನಕ ಅಲ್ಲಿ ಜಪಾನಿನ ಬ್ರಿಜ್‌ಸ್ಟೋನ್, ಫ್ರಾನ್ಸಿನ ಮಿಶೆಲಿನ್ ಎದುರಾಬದುರು. ಬ್ರಿಜ್‌ಸ್ಟೋನ್ ತನ್ನ ಟೈರನ್ನು ಫೆರಾರಿ ಕಾರಿಗೆ ಒಪ್ಪುವಂತೆ ಅಳತೆ ಕೊಟ್ಟು ಹೊಲಿದ ಬಟ್ಟೆ ಥರ ಮಾಡಿಕೊಡ್ತು. 2004ರಲ್ಲಿ ಫೆರಾರಿ 18 ರೇಸುಗಳಲ್ಲಿ 15 ಗೆದ್ದಿತು. ಮರುವರ್ಷ ನಿಯಮ ಬದಲಾಯ್ತು: ರೇಸಿನ ಮಧ್ಯೆ ಟೈರ್ ಬದಲಿಸೋ ಹಾಗಿಲ್ಲ. ಆ ನಿಯಮಕ್ಕೆ ಮಿಶೆಲಿನ್ ಚೆನ್ನಾಗಿ ಹೊಂದಿಕೊಂಡಿತು. ಫೆರಾರಿ ಇಡೀ 2005ರಲ್ಲಿ ಗೆದ್ದದ್ದು ಒಂದೇ ರೇಸು. ಆ ಒಂದರ ಕತೆ ಹೇಳ್ತೀನಿ.

2005ರ ಜೂನ್ 19, ಅಮೆರಿಕದ ಇಂಡಿಯಾನಾಪೊಲಿಸ್. ಎರಡು ದಿನ ಮುಂಚೆ ಅಭ್ಯಾಸದಲ್ಲಿ, ಇಳಿಜಾರಾಗಿ ಕಟ್ಟಿದ 13ನೇ ತಿರುವಿನಲ್ಲಿ ರಾಲ್ಫ್ ಶುಮಾಕರ್‌ನ ಕಾರು ಟೈರ್ ಕೈಕೊಟ್ಟು ಗೋಡೆಗೆ ಬಡಿದಿತ್ತು. ಆ ತಿರುವಿನಲ್ಲಿ ವೇಗ ತಗ್ಗಿಸದೆ ಓಡಿಸಿದರೆ ನಮ್ಮ ಟೈರಿಗೆ ಗ್ಯಾರಂಟಿ ಇಲ್ಲ ಅಂತ ಮಿಶೆಲಿನ್ ತಾನೇ ಹೇಳಿತು. ಟ್ರ್ಯಾಕಿನಲ್ಲಿ ಅಡ್ಡ ತಿರುವು ಹಾಕೋಣ ಅನ್ನೋ ಸಲಹೆಗೆ ಎಫ್‌ಐಎ ಒಪ್ಪಲಿಲ್ಲ. ಭಾನುವಾರ 20 ಕಾರು ಒಂದು ಸುತ್ತು ಬಂದವು. ಮಿಶೆಲಿನ್ ಹಾಕಿದ್ದ 14 ಕಾರು ಸೀದಾ ಒಳಗೆ ಹೋಗಿಬಿಟ್ಟವು. ಉಳಿದ ಆರು ಬ್ರಿಜ್‌ಸ್ಟೋನ್ ಕಾರುಗಳೇ ರೇಸು ಮುಗಿಸಿದವು. ಕಾಸು ಕೊಟ್ಟು ಬಂದಿದ್ದ ಜನ ಕೂಗಾಡಿದರು, ಬಾಟಲಿ ಎಸೆದರು. ಮಿಶೆಲಿನ್ ಕೊನೆಗೆ ಟಿಕೆಟ್ ದುಡ್ಡು ವಾಪಸ್ ಕೊಡಬೇಕಾಯ್ತು.

ಆ ಆರರಲ್ಲಿ ಒಂದು ಜೋರ್ಡನ್ ಕಾರು ನಮ್ಮ ನಾರಾಯಣ್ ಕಾರ್ತಿಕೇಯನ್‌ದು. ನಾಲ್ಕನೇ ಸ್ಥಾನ, ಐದು ಪಾಯಿಂಟು. ಫಾರ್ಮುಲಾ ಒನ್‌ನಲ್ಲಿ ಭಾರತೀಯನಿಗೆ ಸಿಕ್ಕ ಮೊದಲ ಪಾಯಿಂಟುಗಳು ಒಂದು ಟೈರ್ ಯುದ್ಧದ ಅನಾಹುತದಿಂದ ಬಂದವು!

ಜಗತ್ತು ಪಾಠ ಕಲಿತು ಕದನ ನಿಲ್ಲಿಸಿತು. 2007ರಿಂದ ಎಫ್1ಗೆ ಒಂದೇ ಕಂಪನಿಯ ಟೈರು. 2009ರಿಂದ ಮೋಟೋಜಿಪಿಗೂ ಅದೇ. ಖರ್ಚು ಇಳಿಯಿತು, ಟೈರಿನಿಂದಲೇ ಸೋತೆ ಅನ್ನೋ ಗೊಣಗಾಟ ಕಮ್ಮಿಯಾಯ್ತು.

ಇನ್ನು ನಮ್ಮ ಕಡೆ ಬನ್ನಿ. 1946ರಲ್ಲಿ ಮದರಾಸಿನಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಆಟಿಕೆ ಬಲೂನು ಮಾಡೋಕೆ ಶುರು ಮಾಡಿದ್ದೇ ಮುಂದೆ ಎಂಆರ್‌ಎಫ್ ಆಯ್ತು. ಜೆಕೆಯ ಮೊದಲ ಟೈರ್ ಕಾರ್ಖಾನೆ ರಾಜಸ್ಥಾನದ ಕಾಂಕ್ರೋಲಿಯದು, 1977ರದು. 1997ರಲ್ಲಿ ಅದು ನಮ್ಮ ಪಕ್ಕದ ಮೈಸೂರಿನ ವಿಕ್ರಾಂತ್ ಟೈರ್ಸನ್ನೂ ಕೊಂಡಿತು. ಹೊರದೇಶಗಳಲ್ಲಿ ರೇಸ್ ತಂಡ ಕಟ್ಟೋದು ಕಾರು ಕಂಪನಿ, ಟೈರ್ ಕಂಪನಿ ಬರೀ ಸಪ್ಲೈಯರ್. ಇಲ್ಲಿ ಟೈರ್ ಕಂಪನಿಯೇ ತಂಡ ಕಟ್ಟಿತು, ಡ್ರೈವರ್ ಇಟ್ಟುಕೊಂಡಿತು, ಸರಣಿಗೆ ಹೆಸರು ಕೊಟ್ಟಿತು. ಮಾರುತಿ ಜಿಪ್ಸಿ, ಎಸ್ಟೀಮ್‌ಗಳ ಕಾಲದ ರ‍್ಯಾಲಿ ನಡೆದದ್ದೇ ಈ ಎರಡು ಜೇಬುಗಳ ಜಿದ್ದಿನಿಂದ.

ಅದರ ಫಲ ದೊಡ್ಡದು. ಕಾರ್ತಿಕೇಯನ್‌ಗೆ ಮೊದಮೊದಲು ಬೆನ್ನಿಗೆ ನಿಂತವರಲ್ಲಿ ಜೆಕೆ ಒಂದು. ಎಂಆರ್‌ಎಫ್ ತಂಡದ ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್. 2022ರಲ್ಲಿ ಸ್ಪೇನಿನ ಎಫ್ರೆನ್ ಯಾರೆನಾ ಎಂಆರ್‌ಎಫ್ ಟೈರಿನ ಮೇಲೆ ಯುರೋಪಿಯನ್ ರ‍್ಯಾಲಿ ಚಾಂಪಿಯನ್ ಆದ. ಮಿಶೆಲಿನ್, ಪಿರೆಲ್ಲಿಗಳ ಅಂಗಳದಲ್ಲೇ ಚೆನ್ನೈ ರಬ್ಬರು ಗೆದ್ದಿತು.

ನಷ್ಟವೂ ಇದೆ. ಚೆನ್ನೈ ಟ್ರ್ಯಾಕಿನಲ್ಲಿ ಎಂಆರ್‌ಎಫ್ ಹೆಸರಿನ ರಾಷ್ಟ್ರೀಯ ಚಾಂಪಿಯನ್‌ಶಿಪ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಜೆಕೆ ಹೆಸರಿನ ರಾಷ್ಟ್ರೀಯ ಚಾಂಪಿಯನ್‌ಶಿಪ್. ಮೊದಲೇ ಚಿಕ್ಕದಾದ ಆಟ ಎರಡು ಹೋಳು. ಹೊಸಬ ಯಾರಾದರೂ ನಿಜವಾದ ಚಾಂಪಿಯನ್ ಯಾರು ಅಂತ ಕೇಳಿದರೆ ಅರ್ಧ ಗಂಟೆ ಪಾಠ ಮಾಡಬೇಕು. ಐಟಿಯವರಿಗೆ ಅರ್ಥವಾಗೋ ಭಾಷೇಲಿ ಹೇಳೋದಾದ್ರೆ ಒಂದೇ ಸಾಫ್ಟ್‌ವೇರಿನ ಎರಡು ಫೋರ್ಕು, ಮರ್ಜ್ ಮಾಡೋರಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಯಾವ ಪಾರ್ಟಿಗೂ ಸೇರದೋನದು. ಜಲ್ಲಿ, ಕಲ್ಲು ತುಂಬಿದ ತೋಟದ ದಾರಿ ಟೈರನ್ನು ತಿಂದು ಹಾಕತ್ತೆ. ಕಂಪನಿ ತಂಡದೋನು ಸವೆದದ್ದನ್ನು ಬಿಸಾಕಿ ಹೊಸದು ಹಾಕ್ತಾನೆ. ಸ್ವಂತ ದುಡ್ಡಲ್ಲಿ ಬಂದೋನು ಹಳೇದನ್ನೇ ಉಳಿಸಿಕೊಂಡು ತಿರುವಿನಲ್ಲಿ ಕಾಲು ಎತ್ತುತ್ತಾನೆ. ಕೈಚಳಕ ಒಂದೇ ಇದ್ದರೂ ಗಡಿಯಾರ ಸುಮ್ಮನಿರಲ್ಲ.

ಹಾಗಾದ್ರೆ ನಮಗೂ ಒಂದೇ ಟೈರ್ ಸಾಕಾ? ನಾನು ಒಪ್ಪಲ್ಲ. ಎಫ್1ಗೆ ಒಬ್ಬ ಸಪ್ಲೈಯರ್ ಹೋದರೆ ತಂಡಗಳು ಉಳೀತವೆ. ಇಲ್ಲಿ ಸಪ್ಲೈಯರೇ ಮನೆ ಯಜಮಾನ. ಇಬ್ಬರಿದ್ದರೆ ಒಬ್ಬರು ಬಾಗಿಲು ಹಾಕಿದಾಗ ಇನ್ನೊಬ್ಬರದು ತಟ್ಟಬಹುದು. ಒಬ್ಬರೇ ಆದರೆ ಅವರ ಬಜೆಟ್ ಮೀಟಿಂಗೇ ನಮ್ಮ ಆಟದ ಹಣೆಬರಹ.

ನನ್ನ ಪ್ರಕಾರ ಯುದ್ಧ ಮೇಲಿರಲಿ, ಕೆಳಗೆ ಬೇಡ. ಕಲಿಯೋರ ಕ್ಲಾಸಿನಲ್ಲಿ ಎಲ್ಲರಿಗೂ ಒಂದೇ ಟೈರು, ಒಂದೇ ಲೆಕ್ಕದಲ್ಲಿ, ಸಬ್ಸಿಡಿ ಬೆಲೆಗೆ ಕೊಡಲಿ. ಮೇಲಿನ ಕ್ಲಾಸಿನಲ್ಲಿ ಕಂಪನಿಗಳು ಬೇಕಾದಷ್ಟು ಹೊಡೆದಾಡಲಿ. ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಒಂದು ಸುತ್ತು ರೊಬಸ್ಟಾ ಅನ್ನೋ ಹೆಸರಲ್ಲಿ ಕೊಡಗಿನ ತೋಟಗಳಿಗೇ ಬಂದಿದೆ. ಕೊಯ್ಲಾದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯತ್ತೆ. ಅಲ್ಲಿ ಅಪ್ಪನ ಹಳೇ ಜೀಪು ತಂದು ನಿಲ್ಲಿಸೋ ಹುಡುಗ ಗೆಲ್ಲಲಿ ಇಲ್ಲಾ ಸೋಲಲಿ, ಅವನು ಸೋತದ್ದು ತನ್ನ ಕೈಯಿಂದ ಅಂತ ಅವನಿಗೆ ಖಾತ್ರಿಯಾಗಬೇಕು. ಮುಂದಿನ ವರ್ಷ ಮತ್ತೆ ಬರೋಕೆ ಅಷ್ಟು ಸಾಕು.