ಪಿಯಾನೊ ವಾಲ್ಟ್ಸ್, ಕರ್ನಾಟಕದಲ್ಲಿ

ಪಿಯಾನೊ ವಾಲ್ಟ್ಸ್: ಮೂರೆಣಿಕೆಯ ಯುರೋಪಿಯನ್ ಜೋಡಿನೃತ್ಯದಿಂದ ಬೆಳೆದ ವಾದ್ಯರಚನೆ. 18ನೇ ಶತಮಾನದ ಕೊನೆಗೆ ಆಸ್ಟ್ರಿಯ, ದಕ್ಷಿಣ ಜರ್ಮನಿಯ ಹಳ್ಳಿಕುಣಿತಗಳಿಂದ ರೂಪುಗೊಂಡ ಈ ನೃತ್ಯ ವಿಯೆನ್ನಾದ ಶ್ರೀಮಂತರ ಮನೆ ಹೊಕ್ಕಿತು. ಕೂತು ಕೇಳುವ ಸಂಗೀತವಾಗಿ ಅದನ್ನು ಮಾರ್ಪಡಿಸಿದವರಲ್ಲಿ ಫ್ರೆಡೆರಿಕ್ ಶೋಪಾನ್ (1810–1849) ಪ್ರಮುಖ. ಬದುಕಿದ್ದಾಗ ಅವನು ಪ್ರಕಟಿಸಿದ್ದು ಎಂಟು ವಾಲ್ಟ್ಸ್ ಮಾತ್ರ. ಹೊಸಬರ ಅಚ್ಚುಮೆಚ್ಚಿನ ಎ ಮೈನರ್ ವಾಲ್ಟ್ಸ್ ಅಚ್ಚಾದದ್ದು ಅವನ ಮರಣಾನಂತರ.

ಕಲಿಕೆಯ ಮೊದಲ ಕಷ್ಟ ಎಡಗೈಯಲ್ಲಿದೆ. ಮೊದಲ ಎಣಿಕೆಗೆ ಮಂದ್ರದ ಒಂದು ಸ್ವರ. ಉಳಿದೆರಡಕ್ಕೆ ಕೈ ಮೇಲಕ್ಕೆ ಹಾರಿ ಸ್ವರಗುಚ್ಛವನ್ನು ಹಗುರಾಗಿ ಮುಟ್ಟಬೇಕು. ಮೂರಕ್ಕೂ ಒಂದೇ ತೂಕ ಬಿದ್ದರೆ ಲಾಲಿತ್ಯ ಹೋಯಿತು. ರೂಪಕ ತಾಳ ಬಲ್ಲವರಿಗೆ ಮೂರರ ಎಣಿಕೆ ಹೊಸದಲ್ಲ. ಆದರೆ ಎಡಗೈ ಲಯ ಕಾಯುತ್ತಿರುವಾಗ ಬಲಗೈ ಕಾಲವನ್ನು ತುಸು ಎಳೆದು, ತುಸು ಓಡಿಸಿ ನುಡಿಸುವ ರುಬಾಟೊ ಅವರನ್ನೂ ಕಾಡುತ್ತದೆ.

ಕರ್ನಾಟಕಕ್ಕೆ ಪಿಯಾನೊ ಪಾಠ ಬಂದದ್ದು ಕಾನ್ವೆಂಟು, ದಂಡುಪ್ರದೇಶ ಮತ್ತು ಅರಮನೆಗಳ ಮೂಲಕ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ (1919–1974) ಕಚೇರಿ ನೀಡುವ ಪಿಯಾನೊ ವಾದಕರಾಗಬಯಸಿದ್ದರು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡು ಪಟ್ಟ ಹೆಗಲೇರಿತು. ಆದರೂ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯನ್ ಪಿಯಾನೊ ವಾದಕ ನಿಕೊಲಾಯ್ ಮೆಡ್ಟ್ನರ್‌ನ ಧ್ವನಿಮುದ್ರಣಗಳಿಗೆ ಹಣ ಕೊಟ್ಟರು; ಅವನು ತನ್ನ ಮೂರನೆಯ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಒಡೆಯರ್ ಅವರದೇ ಸೃಜನಶೀಲತೆ ಮಾತ್ರ ಕರ್ನಾಟಕ ಸಂಗೀತದ ಕೃತಿಗಳಲ್ಲಿ ಹರಿಯಿತು ಎಂಬುದು ಸ್ವಾರಸ್ಯಕರ. ಪಿಯಾನೊ ಬಲ್ಲ ಅವರ ಸೋದರಿ ವಿಜಯಾದೇವಿ 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಸ್ಥಾಪಿಸಿದರು. 1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರಂಭವಾಯಿತು. ಈಗ ಕಲಿಕೆಯ ಜಾಡು ಬಹುಪಾಲು ಲಂಡನ್ನಿನ ಟ್ರಿನಿಟಿಯಂಥ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳದ್ದು.

ಈ ನಗರದ ಜಾಡಿನಿಂದ ದೂರದ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗೆ ಪರಿಚಿತವಾದ ಮನೆವಾದ್ಯವೆಂದರೆ ಪಿಯಾನೊ ಅಲ್ಲ, ಹಾರ್ಮೋನಿಯಂ. ಭಜನೆ, ಸಂಗೀತ ಪಾಠ, ನಾಟಕ ಎಲ್ಲಕ್ಕೂ ಅದೇ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂನ ರಂಗಸಂಗೀತಕ್ಕೂ ಅದು ಹೊರತಲ್ಲ. ಅದರ ಸ್ವರದ ಮನೆಗಳು ಪಿಯಾನೊದಂತೆ ಕಪ್ಪು-ಬಿಳುಪಿನವೇ ಆದರೂ ಕೈ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಎಡಗೈ ತಿದಿ ಒತ್ತುವುದಕ್ಕೆ ಮೀಸಲು, ಅಂದರೆ ವಾಲ್ಟ್ಸ್‌ಗೆ ಬೇಕಾದ ಕೈಯೇ ಇಲ್ಲ. ಕಂಪನಿ ನಾಟಕಗಳ, ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂನಲ್ಲಿ ಎರಡೂ ಕೈ ಬಿಡುವಾಗುತ್ತಿದ್ದವು. ಆದರೆ ಅಲ್ಲಿಯೂ ನಾದ ಏರಿ ಇಳಿಯುವುದು ಗಾಳಿಯ ಒತ್ತಡದಿಂದ, ಬೆರಳಿನ ಏಟಿನಿಂದಲ್ಲ. ಹೀಗಾಗಿ ಪೆಟ್ಟಿಗೆಯಲ್ಲಿ ಪಳಗಿದವರು ಪಿಯಾನೊಕ್ಕೆ ಬಂದಾಗ ಸ್ವರಸ್ಥಾನ ಹುಡುಕಬೇಕಾಗಿಲ್ಲ. ಎಡಗೈಯ ಕೆಲಸ, ಬೆರಳಿನ ತೂಕ ಮತ್ತು ಪಾದದ ಪೆಡಲನ್ನು ಮಾತ್ರ ಮೊದಲಿನಿಂದ ಕಲಿಯಬೇಕು.