ಕೋಶದ ಹಣೆಬರಹ ಓದಲು ಹೊರಟವರು

ಮಂಗಳೂರಿನ ಉರ್ವ ಮಾರ್ಕೆಟಿನಲ್ಲಿ ಏಡಿ ಆರಿಸುವಾಗ ಒಮ್ಮೊಮ್ಮೆ ಒಂದು ಇಕ್ಕಳ ದಪ್ಪಗಿದ್ದು ಇನ್ನೊಂದು ತೀರ ಎಳೆಯದಾಗಿರುವ ಏಡಿ ಕೈಗೆ ಸಿಗುತ್ತದೆ. ಎಳೆಯದು ಹೆಚ್ಚಾಗಿ ಮುರಿದುಹೋದದ್ದರ ಜಾಗದಲ್ಲಿ ಹೊಸದಾಗಿ ಬೆಳೆದದ್ದು. ಬುಡದಲ್ಲಿ ಉಳಿದ ಕೋಶಗಳು ವಿಭಜನೆಯಾಗಿ, ಮತ್ತೆ ಸ್ನಾಯು, ನರ, ಚಿಪ್ಪುಗಳನ್ನು ಕಟ್ಟಿವೆ. ನಮ್ಮ ಬೆರಳು ತುಂಡಾದರೆ ಗಾಯ ಮಾಯುತ್ತದೆ, ಬೆರಳು ಬರುವುದಿಲ್ಲ. ನಮ್ಮ ಕೋಶಗಳಿಗೂ ವಿಭಜನೆ ಗೊತ್ತು. ಗೊತ್ತಿಲ್ಲದ್ದು, ಆದ ಮೇಲೆ ಯಾವ ರೂಪ ತಾಳಬೇಕೆಂಬುದು.

ವಿಜ್ಞಾನವೂ ಇದೇ ಕ್ರಮದಲ್ಲಿ ನಡೆಯಿತು: ಮೊದಲು ವಿಭಜನೆ, ಆಮೇಲೆ ರೂಪ. ಕೋಶ ಹುಟ್ಟುವುದು ಕೋಶದಿಂದಲೇ ಎಂದು ರುಡಾಲ್ಫ್ ವಿರ್ಕೋ 1855ರಲ್ಲಿ ಸಾರಿದ. 1882ರಲ್ಲಿ ವಾಲ್ಥರ್ ಫ್ಲೆಮಿಂಗ್ ವರ್ಣತಂತುಗಳು ಸೀಳಿ ಎರಡು ಪಾಲಾಗುವುದನ್ನು ಹಂತಹಂತವಾಗಿ ಚಿತ್ರಿಸಿದ. ಈ ಕೆಲಸಕ್ಕೆ ಹೊತ್ತು ಹಾಕಿಕೊಡುವವರು ಯಾರು ಎಂಬುದು ಯೀಸ್ಟ್ ಮತ್ತು ಕಡಲ ಮುಳ್ಳುಚೆಂಡಿನ ಮೊಟ್ಟೆಗಳಿಂದ ತಿಳಿಯಿತು. ಕೆಲವು ಪ್ರೋಟೀನುಗಳು ಏರಿ ಇಳಿಯುವುದರಿಂದಲೇ ವಿಭಜನೆಯ ಗಡಿಯಾರ ಓಡುತ್ತದೆ. ಹಾರ್ಟ್‌ವೆಲ್, ಹಂಟ್, ನರ್ಸ್ ಮೂವರಿಗೂ 2001ರಲ್ಲಿ ನೊಬೆಲ್ ಬಂತು. ಆ ಗಡಿಯಾರ ಕೆಟ್ಟರೆ ಕ್ಯಾನ್ಸರ್.

ಬೇರೆಬೇರೆ ಕೋಶಗಳಾಗುವ ಗುಟ್ಟು ಅಷ್ಟು ಸುಲಭಕ್ಕೆ ಬಿಡಲಿಲ್ಲ. 1924ರಲ್ಲಿ ಹಿಲ್ಡೆ ಮಾಂಗೋಲ್ಡ್ ಮತ್ತು ಹಾನ್ಸ್ ಸ್ಪೇಮಾನ್ ಒಂದು ಭ್ರೂಣದ ಚೂರನ್ನು ಇನ್ನೊಂದರಲ್ಲಿ ನೆಟ್ಟಾಗ, ಅದು ನೆರೆಯ ಕೋಶಗಳನ್ನೂ ಸೇರಿಸಿಕೊಂಡು ಎರಡನೇ ದೇಹವನ್ನೇ ಕಟ್ಟತೊಡಗಿತು. ಅಂದರೆ ಕೋಶದ ಹಣೆಬರಹದಲ್ಲಿ ನೆರೆಹೊರೆಯದೂ ಕೈವಾಡವಿದೆ. ಹಿಲ್ಡೆ ಅದೇ ವರ್ಷ ತೀರಿಕೊಂಡರು. 1935ರ ನೊಬೆಲ್ ಸ್ಪೇಮಾನ್‌ಗೆ ಮಾತ್ರ.

ನಮ್ಮಲ್ಲಿ ಈ ಪ್ರಶ್ನೆ ಹಿಡಿದವರಲ್ಲಿ ಬಿ.ಜಿ.ಎಲ್. ಸ್ವಾಮಿ ಅವರನ್ನು ಮೊದಲು ನೆನೆಯಬೇಕು. ಕನ್ನಡಿಗರಿಗೆ ಅವರು ‘ಹಸುರು ಹೊನ್ನು’ ಬರೆದ ಹಾಸ್ಯಪ್ರಿಯ ಮೇಷ್ಟ್ರು, ಡಿವಿಜಿಯವರ ಮಗ. ಅವರ ನಿಜವಾದ ಕಸುಬು ಹೂಬಿಡುವ ಗಿಡಗಳ ಭ್ರೂಣಶಾಸ್ತ್ರ. ಎಳೆಯ ಬೀಜವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆಚ್ಚಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಡಿ ಒಂದೊಂದು ವಿಭಜನೆಯ ದಿಕ್ಕನ್ನೂ ಗುರುತಿಸುವ ಕೆಲಸ ಅದು. ಆರ್ಕಿಡ್‌ಗಳ ಮೇಲೆ ಅವರು ಬಹಳ ಕಾಲ ದುಡಿದರು. ಆ ಶಾಸ್ತ್ರಕ್ಕೆ ಒಂದು ಮಿತಿ ಇತ್ತು ಎನ್ನದೆ ವಿಧಿಯಿಲ್ಲ: ಏನಾಯಿತೆಂದು ಹೇಳುತ್ತಿತ್ತು, ಏಕಾಯಿತೆಂದು ಹೇಳುತ್ತಿರಲಿಲ್ಲ.

‘ಏಕೆ’ಯ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಒಬ್ಬರು. ಅವರು ಆಯ್ದ ಜೀವಿ ಮಣ್ಣಿನ ಒಂದು ಅಮೀಬಾ, ಡಿಕ್ಟಿಯೋಸ್ಟೀಲಿಯಮ್. ಆಹಾರ ಇರುವ ತನಕ ಅವು ಬಿಡಿಬಿಡಿ. ಆಹಾರ ಮುಗಿದರೆ ರಾಸಾಯನಿಕ ಸಂಕೇತದ ಜಾಡು ಹಿಡಿದು ಸಾವಿರಾರು ಕೋಶಗಳು ಒಂದೆಡೆ ಸೇರಿ ಒಂದೇ ದೇಹವಾಗುತ್ತವೆ. ಸುಮಾರು ಐದರಲ್ಲೊಂದು ಪಾಲು ಕಾಂಡವಾಗಿ ಸಾಯುತ್ತದೆ, ಉಳಿದವು ಅದರ ತುದಿಯೇರಿ ಬೀಜಕಗಳಾಗಿ ಬದುಕುತ್ತವೆ. ಸಾಯುವವರು ಯಾರೆಂದು ತೀರ್ಮಾನವಾಗುವುದು ಹೇಗೆ? ಕೋಶಗಳು ಬೇರೆಬೇರೆಯಾಗುವ ಪ್ರಶ್ನೆಯನ್ನು ಇದಕ್ಕಿಂತ ಬೆತ್ತಲಾಗಿ ತೋರಿಸುವ ಜೀವಿ ಕಡಿಮೆ.

ಅಷ್ಟರಲ್ಲಿ ಹೊರಗೆ ದೊಡ್ಡ ತಿರುವು ಬಂದಿತ್ತು. 1962ರಲ್ಲಿ ಜಾನ್ ಗರ್ಡನ್, ಕಪ್ಪೆಯ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತನ್ನ ಕೇಂದ್ರ ಕಳೆದುಕೊಂಡ ಮೊಟ್ಟೆಗೆ ಹಾಕಿ ಹೊಸ ಗೊದಮೊಟ್ಟೆ ಬೆಳೆಸಿದ್ದ. ಕರುಳಾದ ಕೋಶದಲ್ಲೂ ಎಲ್ಲ ಜೀನುಗಳು ಉಳಿದಿವೆ, ಹಲವಕ್ಕೆ ಬೀಗ ಬಿದ್ದಿದೆ ಅಷ್ಟೇ. 2006ರಲ್ಲಿ ಶಿನ್ಯಾ ಯಮನಾಕ ನಾಲ್ಕೇ ಜೀನುಗಳಿಂದ ಇಲಿಯ ಚರ್ಮದ ಕೋಶವನ್ನು ಭ್ರೂಣಾವಸ್ಥೆಯಂಥ ಸ್ಥಿತಿಗೆ ಮರಳಿಸಿದ. ಇಬ್ಬರೂ 2012ರ ನೊಬೆಲ್ ಹಂಚಿಕೊಂಡರು.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡ ಬಳಕೆಗೆ ಬಾರದೆ ಬಿಟ್ಟ ಭ್ರೂಣಗಳಿಂದ, ಬೇರೆಬೇರೆ ಕೋಶಗಳಾಗಬಲ್ಲ ಮಾನವ ಕಾಂಡಕೋಶಗಳ ಎರಡು ತಳಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಕಾಂಡಕೋಶಗಳಿಗೆಂದೇ ಇನ್‌ಸ್ಟೆಮ್ ಎಂಬ ಸಂಸ್ಥೆ ಅದೇ ನಗರದಲ್ಲಿ ತಲೆಯೆತ್ತಿತು. ಉರ್ವದವರು ಅಷ್ಟು ದೂರ ಹೋಗಬೇಕಿಲ್ಲ; ನೇತ್ರಾವತಿ ದಾಟಿದರೆ ದೇರಳಕಟ್ಟೆಯ ಯೆನೆಪೊಯ ಸಂಶೋಧನಾ ಕೇಂದ್ರದಲ್ಲೂ ಕಾಂಡಕೋಶಗಳ ಕೆಲಸ ನಡೆಯುತ್ತದೆ.

ಚಿಕಿತ್ಸೆಯ ಲೆಕ್ಕ ಮಾತ್ರ ಇನ್ನೂ ಚಿಕ್ಕದು. ದಶಕಗಳ ಅನುಭವದಿಂದ ಗಟ್ಟಿಯಾಗಿ ನಿಂತಿರುವುದು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿ. ಕೋಶವನ್ನು ಹಿಂದಕ್ಕೆ ಕರೆಯಲು ಕಲಿತಿದ್ದೇವೆ. ಬೇಕಾದ ಜಾಗದಲ್ಲಿ, ಬೇಕಾದ ರೂಪದಲ್ಲಿ ನಿಲ್ಲಿಸುವುದು ಇನ್ನೂ ಕೈಗೆ ಪೂರ್ತಿ ದಕ್ಕಿಲ್ಲ. ಹೀಗಿದ್ದೂ ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಕಾಂಡಕೋಶದ ಜಾಹೀರಾತು ಕಾಣುತ್ತದೆ. ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಅದಕ್ಕೇ ಮುಂದೆ ಬೇಕಾದೀತೆಂದು ಕೂಡಿಡಲು ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ಯಾರಾದರೂ ಇಂಥ ಚಿಕಿತ್ಸೆಯ ಪ್ರಯೋಗಕ್ಕೆ ಕರೆದರೆ, ಅದು ರಾಷ್ಟ್ರೀಯ ಪ್ರಯೋಗ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ಕೇಳಿ. ಪ್ರಯೋಗವೆಂದು ಹೇಳಿ ನಿಮ್ಮಿಂದಲೇ ಹಣ ಕೇಳಿದರೆ ಎದ್ದು ಬನ್ನಿ.